ಪೆಟ್ಟಿನ ದನಿಯನ್ನು ಮರಳಿ ಕೊಟ್ಟವರಿಗೆ

ಅರೆ-ಮಾಡ್ಯುಲರ್ ಅನಲಾಗ್ ತಾಳವಾದ್ಯ ಸಿಂಥಸೈಜರ್ ಒಂದನ್ನೇ, ಅಂದರೆ ಸರ್ಕ್ಯೂಟುಗಳಿಂದಲೇ ಪೆಟ್ಟಿನ ಸದ್ದು ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯವೊಂದನ್ನೇ ಆಧಾರವಾಗಿಟ್ಟುಕೊಂಡು ರೂಪಿಸಿದ ನನ್ನ ಮೊದಲ ಸಂಗೀತ ಸಂಕಲನ ಈ ವಾರ ಕೇಳುಗರನ್ನು ತಲುಪಿದೆ. ಅದು ನನ್ನೊಬ್ಬನ ಹೆಸರಿನಲ್ಲಿ ಹೊರಬಂದಿದ್ದರೂ ಅದರ ಹಿಂದೆ ನಿಂತವರು ಹಲವರು. ಅವರಿಗೆ ಬಾಯಿಮಾತಿನಲ್ಲಿ ಹೇಳಿದ ಧನ್ಯವಾದ ಸಾಲದೆನ್ನಿಸಿ, ಯಾರಿಂದ ಏನು ದಕ್ಕಿತು ಎಂಬುದನ್ನು ಎಲ್ಲರೆದುರು ಬರೆದಿಡುತ್ತಿದ್ದೇನೆ. ಹೆಸರು ಬೇಡವೆಂದು ಅವರಲ್ಲಿ ಹೆಚ್ಚಿನವರು ಕೇಳಿಕೊಂಡಿರುವುದರಿಂದ ಇಲ್ಲಿ ಹೆಸರುಗಳಿಲ್ಲ. ಓದಿದಾಗ ತಮ್ಮ ತಮ್ಮ ಪಾಲನ್ನು ಅವರು ಗುರುತಿಸಿಕೊಳ್ಳುತ್ತಾರೆಂದು ನಂಬಿದ್ದೇನೆ.

ನಾನು ಮೂಲತಃ ಡ್ರಮ್ಸ್ ಬಾರಿಸುವವನು. ಬಲಗೈ ಮಣಿಕಟ್ಟಿನ ಸ್ನಾಯುರಜ್ಜುಗಳು ಊದಿಕೊಂಡು, ಕೋಲು ಹಿಡಿದರೆ ಸಾಕು ಮೊಣಕೈವರೆಗೆ ನೋವು ಹರಿಯತೊಡಗಿದಾಗ, ಬಾರಿಸುವುದನ್ನು ಪೂರ್ತಿಯಾಗಿ ನಿಲ್ಲಿಸುವಂತೆ ವೈದ್ಯರು ಹೇಳಿದರು. ಸಣ್ಣ ವಯಸ್ಸಿನಿಂದ ಮಾಡಿಕೊಂಡು ಬಂದ ಕೆಲಸ ಹೀಗೆ ಏಕಾಏಕಿ ನಿಂತುಹೋದಾಗ ಉಳಿಯುವ ಸಂಕಟವನ್ನು ತಾಳವಾದ್ಯಗಾರರಿಗೆ ನಾನು ವಿವರಿಸಬೇಕಾಗಿಲ್ಲ. ತಲೆಯೊಳಗೆ ಲಯ ಓಡುತ್ತಲೇ ಇರುತ್ತದೆ, ಕೈ ಮಾತ್ರ ಒಪ್ಪುವುದಿಲ್ಲ. ಆ ಕಾಲದಲ್ಲಿ ನನ್ನನ್ನು ನೋಡಿಕೊಂಡ ಫಿಸಿಯೋಥೆರಪಿಸ್ಟ್ ಅವರಿಗೆ ನನ್ನ ಮೊದಲ ವಂದನೆ. ಅವರು ವ್ಯಾಯಾಮ ಹೇಳಿಕೊಟ್ಟು ಸುಮ್ಮನಾಗಲಿಲ್ಲ. ಸಿಂಥಸೈಜರ್ ಬಳಸಲು ಶುರು ಮಾಡಿದ್ದೇನೆಂದು ತಿಳಿಸಿದಾಗ ಅದನ್ನು ಚಿಕಿತ್ಸೆಯ ಕೋಣೆಗೇ ತರಿಸಿಕೊಂಡು, ನಾನು ನಾಬ್ ತಿರುಗಿಸುವ ರೀತಿಯನ್ನು ಗಮನವಿಟ್ಟು ನೋಡಿ, ವಾದ್ಯವನ್ನು ನನ್ನ ಕಡೆಗೆ ಓರೆಯಾಗಿ ನಿಲ್ಲಿಸಿ, ಮೊಣಕೈಗೆ ಆಸರೆ ಕೊಟ್ಟರು. ಮಣಿಕಟ್ಟನ್ನು ಮಡಿಸದೆ ಬೆರಳ ತುದಿಗಳಿಂದಲೇ ತಿರುಗಿಸುವ ಅಭ್ಯಾಸ ಮಾಡಿಸಿದರು. ಆಮೇಲೆ ನಾನು ಮಾಡಿದ ಕೆಲಸವೆಲ್ಲ ಆ ಭಂಗಿಯಲ್ಲೇ ಆದದ್ದು.

ವಾದ್ಯವನ್ನು ನನ್ನ ಕೈಗಿತ್ತವಳು ಒಬ್ಬ ಗೆಳತಿ. ಅದು ಮೋಗ್ ಕಂಪನಿಯ ಡಿಎಫ್‌ಎಎಂ. 2017ರ ಮೋಗ್‌ಫೆಸ್ಟ್ ಉತ್ಸವದ ಕಾರ್ಯಾಗಾರದಲ್ಲಿ ಭಾಗವಹಿಸಿದವರು ತಮ್ಮ ಕೈಯಾರೆ ಜೋಡಿಸಿದ ಈ ವಾದ್ಯ 2018ರಲ್ಲಿ ಮಾರುಕಟ್ಟೆಗೆ ಬಂತು. ಸ್ವರ ಹುಟ್ಟಿಸುವ ಎರಡು ಆಸಿಲೇಟರ್, ಭುಸ್ಸೆನ್ನುವ ಸದ್ದು ಕೊಡುವ ಒಂದು ಬಿಳಿ ನಾಯ್ಸ್ ಮೂಲ, ಸದ್ದಿನ ಕೆಲವು ಭಾಗಗಳನ್ನು ಸೋಸಿ ಬಿಡುವ ಒಂದು ಫಿಲ್ಟರ್, ಪ್ರತಿ ಪೆಟ್ಟಿನ ಏರಿಳಿತವನ್ನು ಆಳುವ ಮೂರು ಎನ್ವಲಪ್, ಪೆಟ್ಟುಗಳನ್ನು ಸಾಲಾಗಿ ನುಡಿಸುವ ಎಂಟು ಹೆಜ್ಜೆಗಳ ಸೀಕ್ವೆನ್ಸರ್, ಬಲಬದಿಯಲ್ಲಿ ಕೇಬಲ್ ಚುಚ್ಚಲು ಇಪ್ಪತ್ತನಾಲ್ಕು ಜ್ಯಾಕ್‌ಗಳು: ಇಷ್ಟೇ ಅದರ ಸಂಸಾರ. ಅರೆ-ಮಾಡ್ಯುಲರ್ ಎನ್ನುವುದು ಏಕೆಂದರೆ, ಪೂರ್ಣ ಮಾಡ್ಯುಲರ್ ವ್ಯವಸ್ಥೆಯಲ್ಲಿ ಕೇಬಲ್ ಹಾಕದೆ ಸದ್ದೇ ಹೊರಡುವುದಿಲ್ಲ. ಇಲ್ಲಿ ಭಾಗಗಳ ನಡುವಿನ ಮುಖ್ಯ ಜೋಡಣೆಗಳು ಒಳಗೇ ಆಗಿರುತ್ತವೆ. ಒಂದೂ ಕೇಬಲ್ ಇಲ್ಲದೆ ನುಡಿಯುತ್ತದೆ, ಕೇಬಲ್ ಚುಚ್ಚಿದರೆ ಒಳಗಿನ ಜೋಡಣೆಯನ್ನು ಬಿಟ್ಟು ನಾವು ತೋರಿದ ದಾರಿ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳ ಗಂಧಗಾಳಿ ಇಲ್ಲದ ನನ್ನಂಥವನಿಗೆ ಈ ಏರ್ಪಾಡು ದೊಡ್ಡ ಉಪಕಾರ ಮಾಡಿತು. ಗೆಳತಿ ಮೊದಲ ಕೆಲವು ವಾರ ಕೇಬಲ್‌ಗಳನ್ನು ತನ್ನ ಬಳಿಯೇ ಇಟ್ಟುಕೊಂಡು ವಾದ್ಯವನ್ನಷ್ಟೇ ಕೊಟ್ಟಳು. ಅದು ಎಷ್ಟು ಸರಿಯಾದ ನಿರ್ಧಾರವಾಗಿತ್ತೆಂದು ಈಗ ತಿಳಿಯುತ್ತದೆ.

ಆ ವಾರಗಳಲ್ಲಿ ನಾನು ಕಲಿತದ್ದು ಒಂದು ಪೆಟ್ಟನ್ನು ಬಿಡಿಸಿ ನೋಡುವುದನ್ನು. ಮೊದಲ ಆಸಿಲೇಟರನ್ನು ತ್ರಿಕೋನ ತರಂಗಕ್ಕಿಟ್ಟು, ಶ್ರುತಿಯನ್ನು ಕೆಳಗಿಳಿಸಿ, ಎರಡನೆಯದನ್ನೂ ನಾಯ್ಸನ್ನೂ ಮುಚ್ಚಿ ಟ್ರಿಗರ್ ಗುಂಡಿ ಒತ್ತಿದರೆ ಬರುವುದು ಬರೀ ಒಂದು ಮಂದ್ರದ ಗುಂಯ್ ಸದ್ದು. ಅದರಲ್ಲಿ ಪೆಟ್ಟಿಲ್ಲ. ಶ್ರುತಿಗೆ ಸೇರಿದ ಎನ್ವಲಪ್‌ನ ಪ್ರಮಾಣವನ್ನು ನಿಧಾನವಾಗಿ ಏರಿಸುತ್ತ, ಅದರ ಡಿಕೇಯನ್ನು ಅಂದರೆ ಇಳಿತದ ಅವಧಿಯನ್ನು ಮೊಟಕುಗೊಳಿಸುತ್ತ ಹೋದಂತೆ, ಸ್ವರ ಮೇಲಿನಿಂದ ಹೊರಟು ಕ್ಷಣಾರ್ಧದಲ್ಲಿ ಕೆಳಗೆ ಧುಮುಕುತ್ತದೆ. ಆ ಧುಮುಕುವಿಕೆಯನ್ನೇ ಕಿವಿ ಪೆಟ್ಟೆಂದು ಕೇಳುತ್ತದೆ. ಇಳಿತ ತೀರಾ ಚಿಕ್ಕದಾದರೆ ಟಕ್ಕೆನ್ನುತ್ತದೆ, ತುಸು ಬೆಳೆದರೆ ಧಮ್ಮೆನ್ನುತ್ತದೆ, ಇನ್ನೂ ಬೆಳೆದರೆ ಪೆಟ್ಟು ಕರಗಿ ಬರೀ ಜಾರುದನಿಯಾಗುತ್ತದೆ. ನಾಬ್‌ನ ಅಂಗುಲ ಭಾಗದಷ್ಟು ತಿರುವಿನಲ್ಲಿ ಇಷ್ಟೆಲ್ಲ ಇದೆ. ವರ್ಷಗಟ್ಟಲೆ ಕಾಲಿನಿಂದ ಪೆಡಲ್ ತುಳಿದು ಬಾಸ್ ಡ್ರಮ್ ನುಡಿಸಿದವನಿಗೆ, ಆ ಒಂದು ಪೆಟ್ಟಿನೊಳಗೆ ಏನು ನಡೆಯುತ್ತದೆಂದು ಕಂಡದ್ದು ಕಾಲು ಕೈ ಎರಡೂ ಸುಮ್ಮನಿದ್ದಾಗ.

ಇಲ್ಲಿ ನನ್ನ ಡ್ರಮ್ಸ್ ಗುರುಗಳನ್ನು ನೆನೆಯಲೇಬೇಕು. ಅವರು ಎಂದೂ ಸಿಂಥಸೈಜರ್ ಮುಟ್ಟಿದವರಲ್ಲ, ಮುಟ್ಟುವ ಆಸೆಯೂ ಅವರಿಗಿಲ್ಲ. ಆದರೂ ನಾನು ಕಳಿಸಿದ ಪ್ರತಿಯೊಂದು ತುಣುಕನ್ನೂ ಕೇಳಿ, ಫೋನಿನಲ್ಲಿ ಕರೆದು, ಪೆಟ್ಟು ಬಿದ್ದ ಮೇಲೆ ಅದು ಸಾಯುವ ಬಗೆಯನ್ನು ಕುರಿತೇ ಮಾತಾಡುತ್ತಿದ್ದರು. ಮುಂದಿನ ಪೆಟ್ಟು ಬೀಳುವ ಮುನ್ನ ಹಿಂದಿನದು ಎಷ್ಟು ಉಳಿದಿರಬೇಕು ಎಂಬುದರ ಮೇಲೆಯೇ ಲಯದ ಭಾರ ನಿಲ್ಲುತ್ತದೆ ಎನ್ನುವುದು ಅವರು ತರಗತಿಯಲ್ಲೂ ಹೇಳುತ್ತಿದ್ದ ಮಾತು. ಈ ವಾದ್ಯದಲ್ಲಿ ಶ್ರುತಿ, ಫಿಲ್ಟರ್, ಧ್ವನಿಮಟ್ಟ ಇವುಗಳಿಗೆ ಒಂದೊಂದು ಪ್ರತ್ಯೇಕ ಡಿಕೇ ನಾಬ್ ಇರುವುದರಿಂದ, ಗುರುಗಳ ಆ ಪಾಠ ನನಗೆ ಕೈಗೆ ಸಿಗುವ ವಸ್ತುವಾಯಿತು. ಫಿಲ್ಟರ್ ಬೇಗ ಮುಚ್ಚಿಕೊಂಡು ಧ್ವನಿ ಮಾತ್ರ ನಿಧಾನಕ್ಕೆ ಇಳಿದರೆ ತೇವವಿರುವ ಚರ್ಮದ ನಾದ. ಎರಡೂ ಒಟ್ಟಿಗೆ ಮುಗಿದರೆ ಮರದ ತುಂಡಿನ ಸದ್ದು. ಫಿಲ್ಟರನ್ನು ಹೈ ಪಾಸ್‌ಗೆ, ಅಂದರೆ ಮೇಲಿನ ಆವರ್ತನಗಳನ್ನಷ್ಟೇ ಬಿಡುವ ಬಗೆಗೆ ಬದಲಿಸಿ, ನಾಯ್ಸ್ ಏರಿಸಿ, ಇಳಿತಗಳನ್ನು ಕುಗ್ಗಿಸಿದರೆ ಹೈ-ಹ್ಯಾಟ್‌ನ ಹತ್ತಿರದ ಧ್ವನಿ. ಲೋಹದ ಗುಣ ಬೇಕಾದಲ್ಲಿ ಎರಡೂ ಆಸಿಲೇಟರ್‌ಗಳನ್ನು ಚೌಕ ತರಂಗಕ್ಕಿಟ್ಟು, ಮೊದಲನೆಯದರಿಂದ ಎರಡನೆಯದರ ಆವರ್ತನವನ್ನು ಅಲುಗಾಡಿಸುತ್ತೇನೆ. ಗುರುಗಳಿಗೆ ಅತಿ ಹೆಚ್ಚು ಹಿಡಿಸಿದ್ದು ಇವುಗಳಲ್ಲಿ ಮರದ ಸದ್ದು. ಸಂಕಲನದ ಮೂರನೆಯ ತುಣುಕು ಪೂರ್ತಿ ಅದರ ಮೇಲೆಯೇ ನಿಂತಿದೆ, ಅದು ಅವರಿಗೆ ಅರ್ಪಿತ.

ನನ್ನ ಅಕ್ಕನ ಋಣ ಬೇರೆಯೇ ಬಗೆಯದು. ಅವಳು ಸಂಗೀತ ಕಲಿತವಳಲ್ಲ, ಆದರೆ ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎನ್ನುವವಳೂ ಅಲ್ಲ. ನಾನು ಹೆಮ್ಮೆಯಿಂದ ಕೇಳಿಸಿದ ಒಂದು ಲಯವನ್ನು ಕೇಳಿ, "ಎಲ್ಲಾ ಪೆಟ್ಟಿಗೂ ಒಂದೇ ತೂಕ ಕಣೋ, ಯಾರೋ ಕೂತು ಬಾರಿಸಿದ ಹಾಗೆ ಇಲ್ಲವೇ ಇಲ್ಲ" ಎಂದಳು. ಸೀಕ್ವೆನ್ಸರ್‌ನ ಎಂಟು ಹೆಜ್ಜೆಗಳಲ್ಲಿ ಪ್ರತಿಯೊಂದಕ್ಕೂ ಎರಡು ನಾಬ್‌ಗಳಿವೆ: ಮೇಲಿನ ಸಾಲು ಶ್ರುತಿಗೆ, ಕೆಳಗಿನದು ವೆಲಾಸಿಟಿಗೆ ಅಂದರೆ ಪೆಟ್ಟಿನ ಬಿರುಸಿಗೆ. ವೆಲಾಸಿಟಿಯನ್ನು ಪೂರ್ತಿ ಇಳಿಸಿದರೆ ಆ ಹೆಜ್ಜೆ ಮೌನವಾಗುತ್ತದೆ. ಆ ಸಾಲನ್ನು ನಾನು ಹೊಂದಿಸಿಯೇ ಇದ್ದೆ, ಆದರೂ ಅಕ್ಕ ಹೇಳಿದ್ದು ನಿಜವೆಂದು ಕಿವಿಗೆ ತಿಳಿಯುತ್ತಿತ್ತು. ಚರ್ಮದ ಮೇಲೆ ಜೋರಾಗಿ ಹೊಡೆದಾಗ ಸದ್ದು ದೊಡ್ಡದಾಗುವುದು ಮಾತ್ರವಲ್ಲ, ಹೆಚ್ಚು ಹೊತ್ತು ನಿಲ್ಲುತ್ತದೆ, ಅದರ ಬಣ್ಣವೂ ಬದಲಾಗುತ್ತದೆ. ಗೆಳತಿ ಅಷ್ಟರಲ್ಲಿ ಕೇಬಲ್‌ಗಳನ್ನು ಕೊಟ್ಟಿದ್ದಳು. ವೆಲಾಸಿಟಿಯ ಹೊರದಾರಿಯಿಂದ, ಅಂದರೆ ಅದರ ವೋಲ್ಟೇಜ್ ಹೊರಬರುವ ಜ್ಯಾಕಿನಿಂದ ಒಂದು ಕೇಬಲ್ ತೆಗೆದು ಧ್ವನಿಮಟ್ಟದ ಡಿಕೇ ಒಳದಾರಿಗೆ, ಅಂದರೆ ವೋಲ್ಟೇಜ್ ಒಳಹೋಗುವ ಜ್ಯಾಕಿಗೆ ಸಿಕ್ಕಿಸಿ, ಡಿಕೇ ನಾಬನ್ನು ಸಾಕಷ್ಟು ಕೆಳಗಿಳಿಸಿದೆ. ಆಗ ಬಿರುಸಿನ ಹೆಜ್ಜೆಗಳು ಉದ್ದಕ್ಕೆ ಮೊಳಗಿದವು, ಮೆಲುವಾದವು ಹುಟ್ಟಿದಲ್ಲೇ ಮುಗಿದವು. ಅದೇ ಎಂಟು ಹೆಜ್ಜೆ, ಅದೇ ವೇಗ. ಅಕ್ಕ ಅಡುಗೆಮನೆಯಿಂದ ಬಂದು ಏನೂ ಹೇಳದೆ ಕೊನೆಯವರೆಗೆ ಕುಳಿತು ಕೇಳಿದಳು. ಸಂಕಲನದಲ್ಲಿ ಈ ಒಂದು ಕೇಬಲ್ ಇಲ್ಲದ ತುಣುಕೇ ಇಲ್ಲವೆಂದರೆ ಅವಳಿಗೆ ನಾನೆಷ್ಟು ಋಣಿ ಎಂಬುದು ತಿಳಿದೀತು.

ಎಂಟು ಹೆಜ್ಜೆಗಳೆಂದರೆ ಬಲು ಇಕ್ಕಟ್ಟಿನ ಜಾಗವೆಂದು ಮೊದಲಿಗೆ ಅನ್ನಿಸುತ್ತಿತ್ತು. ಆ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ತೋರಿದವಳೂ ಅದೇ ಗೆಳತಿ. ಶ್ರುತಿಯ ಸಾಲನ್ನು ಆಸಿಲೇಟರ್‌ಗಳಿಂದ ಕಳಚಲು ಮುಂಭಾಗದಲ್ಲೇ ಒಂದು ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ ಆ ಎಂಟು ನಾಬ್‌ಗಳ ವೋಲ್ಟೇಜ್ ಬೇರೆ ಯಾವ ಕೆಲಸಕ್ಕಾದರೂ ಸಿಗುತ್ತದೆ. ಅವಳು ಅದನ್ನು ಟೆಂಪೋ ಅಂದರೆ ವೇಗದ ಒಳದಾರಿಗೆ ಜೋಡಿಸಿ ತೋರಿಸಿದಳು. ಈಗ ಪ್ರತಿಯೊಂದು ಹೆಜ್ಜೆಯೂ ತನ್ನ ಅವಧಿಯನ್ನು ತಾನೇ ನಿರ್ಧರಿಸುತ್ತದೆ: ನಾಬ್ ಮೇಲಿದ್ದರೆ ಹೆಜ್ಜೆ ಚಿಕ್ಕದು, ಕೆಳಗಿದ್ದರೆ ದೀರ್ಘ. ಲೆಕ್ಕಕ್ಕೆ ಎಂಟೇ ಆದರೂ ಆವರ್ತದೊಳಗೆ ಸಮಗಾತ್ರದ ಅಕ್ಷರ ಎರಡೂ ಸಿಗದಂತೆ ಮಾಡಬಹುದು. ಮನುಷ್ಯನ ಕೈ ಸಹಜವಾಗಿ ಮಾಡುವ ಎಳೆತ ಸೆಳೆತಗಳನ್ನು ಯಂತ್ರದಲ್ಲಿ ಹೀಗೆ ಬೇಕೆಂದೇ ಕಟ್ಟಬಹುದೆಂಬುದು ನನಗೆ ಈ ವಾದ್ಯದಲ್ಲಿ ಸಿಕ್ಕ ಅತ್ಯಂತ ದೊಡ್ಡ ಸಂತೋಷ. ಇದನ್ನು ಕಂಪ್ಯೂಟರಿನಲ್ಲೂ ಮಾಡಬಹುದಲ್ಲ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ಮಾಡಬಹುದು, ಆದರೆ ಆವರ್ತ ಓಡುತ್ತಿರುವಾಗಲೇ ಐದನೆಯ ಹೆಜ್ಜೆಯನ್ನು ಬೆರಳಿನಿಂದ ತುಸು ಹಿಂದಕ್ಕೆಳೆದು ಮರುಸುತ್ತಿನಲ್ಲೇ ಅದನ್ನು ಕೇಳುವ ಅನುಭವ ನನಗೆ ಬೇರೆಲ್ಲೂ ಆಗಿಲ್ಲ.

ಹಳೆಯ ವಾದ್ಯವೃಂದದ ಸಂಗಾತಿಯೊಬ್ಬರು, ನನ್ನ ಕೈ ಕೆಡುವ ಮುನ್ನ ನಾವು ಮಾಡಿಕೊಂಡಿದ್ದ ಅಭ್ಯಾಸದ ಮುದ್ರಣಗಳನ್ನು ಜೋಪಾನವಾಗಿ ಇಟ್ಟಿದ್ದರು. ಅವುಗಳಲ್ಲಿ ಬರೀ ಡ್ರಮ್ಸ್ ಇರುವ ಭಾಗಗಳನ್ನು ಕೂತು ಬೇರ್ಪಡಿಸಿ ನನಗೆ ಕಳಿಸಿದರು. ಈ ವಾದ್ಯಕ್ಕೆ ಹೊರಗಿನ ಧ್ವನಿಯನ್ನು ಕೊಡಲು ಒಂದು ಒಳದಾರಿ ಇದೆ. ಅಲ್ಲಿಗೆ ಬಂದ ಧ್ವನಿ ನಾಯ್ಸ್‌ನ ಸ್ಥಾನದಲ್ಲಿ ನಿಂತು ಫಿಲ್ಟರ್‌ನೊಳಗೆ ಹಾಯುತ್ತದೆ. ಮುದ್ರಣದ ಮಟ್ಟವನ್ನು ಸಾಕಷ್ಟು ಎತ್ತರಿಸಿ ಅಲ್ಲಿಗೆ ಕೊಟ್ಟಾಗ, ನಾನು ಅಂದು ಬಾರಿಸಿದ ಸಿಂಬಲ್‌ನ ಉದ್ದನೆಯ ನಾದವನ್ನು ಸೀಕ್ವೆನ್ಸರ್ ಹೆಜ್ಜೆಹೆಜ್ಜೆಗೆ ತೆರೆದು ಮುಚ್ಚಿತು. ಅಂದಿನ ನನ್ನ ಕೈಯೂ ಇಂದಿನ ನನ್ನ ಬೆರಳೂ ಒಂದೇ ಧ್ವನಿಯೊಳಗೆ ಕೂಡಿ ಕೆಲಸ ಮಾಡಿದವು. ಸಂಕಲನದ ಕೊನೆಯ ತುಣುಕಿನಲ್ಲಿ ಕೇಳುವುದು ಅದನ್ನೇ. ಆ ಸಂಗಾತಿಯ ತಾಳ್ಮೆಗೆ ನಾನು ಬದಲು ಕೊಡಬಲ್ಲದ್ದು ಏನೂ ಇಲ್ಲ.

ಎಂದೂ ಕಾಣದವರಿಗೂ ಕೃತಜ್ಞತೆ ಸಲ್ಲಬೇಕು. 1959ರಲ್ಲಿ ವುರ್ಲಿಟ್ಜರ್ ಕಂಪನಿಯ ಸೈಡ್‌ಮನ್ ಎಂಬ ತಾಳಯಂತ್ರದಲ್ಲಿ, ಮೋಟಾರಿನಿಂದ ತಿರುಗುವ ಭಾಗವೊಂದು ಸಂಪರ್ಕಬಿಂದುಗಳನ್ನು ಮುಟ್ಟುತ್ತ ಹೋಗಿ ನಿರ್ವಾತ ಕೊಳವೆಗಳಿಂದ ಪೆಟ್ಟುಗಳನ್ನು ನುಡಿಸುತ್ತಿತ್ತು. 1964ರಲ್ಲಿ ರಾಬರ್ಟ್ ಮೋಗ್ ಅವರು ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಅವರೊಡನೆ ಕೂಡಿ ವೋಲ್ಟೇಜ್‌ನಿಂದಲೇ ಶ್ರುತಿ ಮತ್ತು ಧ್ವನಿಮಟ್ಟಗಳನ್ನು ಆಳುವ ವ್ಯವಸ್ಥೆಯನ್ನು ರೂಪಿಸಿದರು. ಟ್ರಾನ್ಸಿಸ್ಟರ್‌ಗಳನ್ನು ಜೋಡಿಜೋಡಿಯಾಗಿ ಏಣಿಯ ಮೆಟ್ಟಿಲುಗಳಂತೆ ಪೇರಿಸಿ ಮೋಗ್ ಮಾಡಿದ ಫಿಲ್ಟರ್‌ಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ವಂಶದ ಫಿಲ್ಟರೇ ನನ್ನ ಮೇಜಿನ ಮೇಲಿನ ಈ ವಾದ್ಯದಲ್ಲೂ ಇದೆ. 1980ರಲ್ಲಿ ಬಂದ ರೋಲಂಡ್ ಟಿಆರ್-808, ಧ್ವನಿಮುದ್ರಣಗಳನ್ನು ಬಳಸದೆ ಬರೀ ಸರ್ಕ್ಯೂಟುಗಳಿಂದಲೇ ಡ್ರಮ್ ಧ್ವನಿಗಳನ್ನು ಹುಟ್ಟಿಸಿತು. ಇವರಾರೂ ನನ್ನ ಮಣಿಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ದುಡಿದವರಲ್ಲ, ಆದರೂ ಅವರ ದುಡಿಮೆ ನೇರವಾಗಿ ನನ್ನ ಮಣಿಕಟ್ಟಿಗೇ ಬಂದು ಒದಗಿತು.

ಮಿಶ್ರಣ ಮಾಡಿಕೊಟ್ಟ ಧ್ವನಿ ತಂತ್ರಜ್ಞರಿಗೂ ಧನ್ಯವಾದ. ಈ ವಾದ್ಯ ಒಂದು ಸಲಕ್ಕೆ ಒಂದೇ ಧ್ವನಿಯನ್ನು ನುಡಿಸುವುದರಿಂದ ಬಾಸ್ ಡ್ರಮ್, ಸ್ನೇರ್, ಲೋಹದ ಸದ್ದು ಎಲ್ಲವನ್ನೂ ಒಂದಾದ ಮೇಲೊಂದರಂತೆ ಮುದ್ರಿಸಬೇಕಾಗಿತ್ತು. ಅವೆಲ್ಲ ಒಂದೇ ಕಾಲಮಾನದಲ್ಲಿ ಕೂರಲೆಂದು, ಕಂಪ್ಯೂಟರಿನ ಒಂದು ಟ್ರ್ಯಾಕಿನಲ್ಲಿ ಬರೀ ಮಿಡಿತಗಳನ್ನು ಬರೆದು ಅವನ್ನು ವಾದ್ಯದ ಕ್ಲಾಕ್ ಒಳದಾರಿಗೆ ಕಳಿಸುವ ಉಪಾಯ ಅವರದು: ಒಂದು ಮಿಡಿತಕ್ಕೆ ಒಂದು ಹೆಜ್ಜೆ.

ತಮ್ಮ ಪ್ಯಾಚ್‌ಗಳನ್ನು ಅಂದರೆ ನಾಬ್ ಮತ್ತು ಕೇಬಲ್‌ಗಳ ಹೊಂದಾಣಿಕೆಗಳನ್ನು ಕಾಗದದ ಮೇಲೆ ಬರೆದು ಗುರುತು ಪರಿಚಯವಿಲ್ಲದವರಿಗೂ ಹಂಚುವ ಸಿಂಥಸೈಜರ್ ಬಳಗದವರೆಲ್ಲರಿಗೂ ನಾನು ಆಭಾರಿ. ಈ ವಾದ್ಯಕ್ಕೆ ನೆನಪಿನ ಶಕ್ತಿ ಇಲ್ಲ; ನಾಬ್ ಅಲುಗಿದರೆ ಹಿಂದಿನ ಧ್ವನಿ ಹೋಯಿತೆಂದೇ ಅರ್ಥ. ಹಾಗಾಗಿ ಪ್ರತಿಯೊಂದು ನಾಬ್‌ನ ಸ್ಥಾನವನ್ನೂ ಪ್ರತಿಯೊಂದು ಕೇಬಲ್‌ನ ದಾರಿಯನ್ನೂ ಗೆರೆ ಎಳೆದು ಗುರುತಿಸುವ ಅವರ ಪದ್ಧತಿಯನ್ನು ನಾನೂ ಅನುಸರಿಸಿದ್ದೇನೆ. ಸಂಕಲನದ ಎಲ್ಲ ತುಣುಕುಗಳ ಪ್ಯಾಚ್ ಹಾಳೆಗಳು ನನ್ನಲ್ಲಿವೆ. ಅವು ಯಾರಿಗೆ ಬೇಕಾದರೂ ಮುಕ್ತ. ಅದರಲ್ಲೂ ನೋವಿನಿಂದ ಬಾರಿಸುವುದನ್ನು ನಿಲ್ಲಿಸಿರುವ ತಾಳವಾದ್ಯಗಾರರು ಯಾರಾದರೂ ಇದ್ದರೆ, ಸಂಕೋಚಪಡದೆ ಕೇಳಿರಿ. ಹಾಳೆಗಳ ಜೊತೆಗೆ ವಾದ್ಯವನ್ನು ಓರೆಯಾಗಿ ನಿಲ್ಲಿಸುವ ಕ್ರಮವನ್ನೂ ಬರೆದು ಕಳಿಸುತ್ತೇನೆ.