ಹಾಡು ನಿಂತ ಮೇಲಿನ ಆರಾಧನೆ

ಪ್ರೀತಿಯ ಮಗಳೇ,

ಕರ್ತನಾದ ಯೇಸುವಿನ ನಾಮದಲ್ಲಿ ನಿನಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ನಿಧಾನವಾಗಿ ಓದಿದೆ. ಭಾನುವಾರ ಗಾಯನ ತಂಡದಲ್ಲಿ ನಿಂತು ಹಾಡುವಾಗ ಮನಸ್ಸು ತುಂಬಿ ಬರುತ್ತದೆ, ಸೋಮವಾರ ಕೆಲಸಕ್ಕೆ ಕೂತರೆ ಅದರ ಸುಳಿವೂ ಇರುವುದಿಲ್ಲ, ಹಾಗಾದರೆ ನಾನು ಮಾಡುತ್ತಿರುವುದು ಬರೀ ನಟನೆಯೇ ದೊಡ್ಡಪ್ಪಾ ಎಂದು ಕೇಳಿದ್ದೀಯ. ನಟನೆಯಲ್ಲ ಮಗಳೇ. ಹಾಡುವಾಗ ಬಂದ ಕಣ್ಣೀರನ್ನು ಅನುಮಾನಿಸಬೇಡ. ಆದರೆ ಆರಾಧನೆ ಎಂದರೆ ಆ ಭಾವವೇ ಎಂದುಕೊಂಡು ವಾರವೆಲ್ಲ ಅದನ್ನೇ ಹುಡುಕುತ್ತಿದ್ದೀಯಲ್ಲ, ಅಲ್ಲಿ ಎಡವುತ್ತಿದ್ದೀಯ ಅಂತ ನನಗೆ ಅನ್ನಿಸುತ್ತದೆ.

ಪೌಲನು ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯ ತೆಗೆದು ನೋಡು. ದೇವರ ಕರುಣೆಯನ್ನು ಅಷ್ಟು ದೂರ ವಿವರಿಸಿಕೊಂಡು ಬಂದವನು ಅಲ್ಲಿ ನಿಂತು, ನಿಮ್ಮ ದೇಹಗಳನ್ನೇ ಸಜೀವ ಯಜ್ಞವಾಗಿ ಒಪ್ಪಿಸಿರಿ ಎಂದು ಬೇಡಿಕೊಳ್ಳುತ್ತಾನೆ. ದೇಹ ಎಂದ ಮೇಲೆ ಕೈಕಾಲು, ನಾಲಿಗೆ, ದುಡಿಮೆ, ದಣಿವು ಎಲ್ಲವೂ ಬಂತು. ಅವನು ಬರೆಯುವ ಕಾಲಕ್ಕೆ ಯೆರೂಸಲೇಮಿನ ದೇವಾಲಯದಲ್ಲಿ ಪಶುಗಳ ಬಲಿ ಇನ್ನೂ ನಡೆಯುತ್ತಿತ್ತು. ಆ ಬಲಿ ಒಮ್ಮೆ ಕೊಟ್ಟರೆ ಮುಗಿಯಿತು. ಬದುಕಿರುವ ಬಲಿಯಾದರೆ ಬೆಳಗ್ಗೆ ಎದ್ದು ಮತ್ತೆ ತನ್ನನ್ನು ಕೊಟ್ಟುಕೊಳ್ಳಬೇಕು, ಮನಸ್ಸು ಒಣಗಿರುವ ದಿನವೂ. ಅದೇ ಅಧ್ಯಾಯವನ್ನು ಕೊನೆಯವರೆಗೂ ಓದು. ಅತಿಥಿಸತ್ಕಾರ, ಅಳುವವರ ಸಂಗಡ ಅಳುವುದು, ಹಿಂಸಿಸುವವರನ್ನು ಆಶೀರ್ವದಿಸುವುದು, ವೈರಿ ಹಸಿದಿದ್ದರೆ ಊಟಕ್ಕೆ ಬಡಿಸುವುದು. ಯಜ್ಞ ಹೇಗಿರುತ್ತದೆ ಎಂಬುದನ್ನೇ ಅವನು ಅಲ್ಲಿ ಬಿಡಿಸಿ ಹೇಳುತ್ತಿದ್ದಾನೆ.

ವಿಶ್ವಾಸಿಗಳಲ್ಲದವರ ಕಣ್ಣಿಗೂ ಇದು ಬಿದ್ದಿತ್ತು. ಸುಮಾರು ಕ್ರಿ.ಶ. 112ರಲ್ಲಿ ಬಿಥೂನ್ಯ ಪ್ರಾಂತ್ಯವನ್ನು ಆಳುತ್ತಿದ್ದ ಪ್ಲಿನಿ ಎಂಬ ರೋಮನ್ ಅಧಿಕಾರಿ, ಕ್ರೈಸ್ತರನ್ನು ವಿಚಾರಣೆ ಮಾಡಿ ತನಗೆ ತಿಳಿದುಬಂದದ್ದನ್ನು ಚಕ್ರವರ್ತಿ ಟ್ರಾಜನನಿಗೆ ಬರೆದು ಕಳಿಸಿದ. ಅವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆಯೇ ಕೂಡುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ. ಜೊತೆಗೆ ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟದ್ದನ್ನು ಕೇಳಿದಾಗ ಇಲ್ಲ ಎನ್ನುವುದಿಲ್ಲ ಎಂದು ಪ್ರಮಾಣ ಮಾಡುತ್ತಾರೆ. ಅವರ ಹಾಡಿಗೂ ಹಣದ ವ್ಯವಹಾರಕ್ಕೂ ನಡುವೆ ಗೋಡೆ ಇರಲಿಲ್ಲ ನೋಡು. ಹೊತ್ತು ಮೂಡುವ ಮುಂಚೆ ಸ್ತುತಿಸಿದ ಬಾಯಿ ಹಗಲಲ್ಲಿ ಸುಳ್ಳು ಲೆಕ್ಕ ಹೇಳಬಾರದು ಎಂಬುದು ಆರಾಧನೆಯೊಳಗೇ ಸೇರಿತ್ತು.

ಇನ್ನು, ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಹೇಳಿ ದಾಟಿಸಿದ ವಿಷಯಕ್ಕೆ ಬರುತ್ತೇನೆ. ಗಾಯನ ತಂಡದ ಗೆಳತಿಯೊಂದಿಗೆ ಮಾತು ಬಿಟ್ಟು ತಿಂಗಳುಗಳಾದವು ಅಂದೆ. ನಿನ್ನ ದೊಡ್ಡ ಪ್ರಶ್ನೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲು. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಎಂದು ಯೇಸು ಹೇಳಿದ್ದು ಮತ್ತಾಯನ 5ನೆಯ ಅಧ್ಯಾಯದಲ್ಲಿದೆ. ಅದನ್ನು ಕೇಳಿಸಿಕೊಂಡವರು ಗಲಿಲಾಯದಲ್ಲಿದ್ದರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ಹಲವು ದಿನಗಳ ಕಾಲ್ನಡಿಗೆ. ಅಷ್ಟು ದೂರ ನಡೆದು, ಕಾಣಿಕೆ ತಂದು, ವೇದಿಯ ಮುಂದೆ ನಿಂತವನಿಗೆ ತಿರುಗಿ ಹೋಗು ಎನ್ನುವ ಮಾತು ಎಷ್ಟು ಭಾರ ಅನ್ನಿಸಿರಬೇಕು! ತಪ್ಪು ಯಾರದು ಎಂಬ ಮಾತನ್ನೇ ಯೇಸು ಅಲ್ಲಿ ಎತ್ತುವುದಿಲ್ಲ. ಸಹೋದರನಿಗೆ ಬೇಸರವಿದೆ, ಅಷ್ಟು ಸಾಕು, ನೀನು ಹೊರಡು. ಅವಳು ಮೊದಲು ಬರಲಿ ಎಂದು ಕಾಯಬೇಡ. ಹೋಗಿ ಮಾತಾಡು. ಅವಳು ಒಪ್ಪದಿದ್ದರೂ ನಿನ್ನ ಕಡೆಯ ಬಾಗಿಲು ತೆರೆದಿರಲಿ. ನಿಮ್ಮ ತಂಡದಲ್ಲಿ ಸ್ವರ ಕೂಡಿಸುವುದಕ್ಕಿಂತ ಈ ಕೆಲಸ ಮೊದಲು ಆಗಬೇಕಾದದ್ದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಕೆಲಸದ ವಿಷಯ. ಏನು ಮಾಡಿದರೂ ಮನುಷ್ಯರಿಗೆಂದು ಮಾಡದೆ ಕರ್ತನಿಗೆಂದು ಮನಸಾರೆ ಮಾಡಿರಿ ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದದ್ದು ದಾಸರಿಗೆ. ಯಾರೂ ಕೃತಜ್ಞತೆ ಹೇಳದ, ಯಾರ ಲೆಕ್ಕಕ್ಕೂ ಬಾರದ ಅವರ ದುಡಿಮೆ ಕ್ರಿಸ್ತನ ಕೈ ಸೇರುತ್ತದೆ ಎಂಬ ಧೈರ್ಯ ಅದರಲ್ಲಿದೆ. ಯಾರೂ ಪರೀಕ್ಷಿಸದ ಭಾಗವನ್ನೂ ನೀನು ಸರಿಯಾಗಿ ಮಾಡಿದಾಗ ಅದು ಸ್ತೋತ್ರವೇ. ಆದರೆ ಈ ವಾಕ್ಯವನ್ನು ಮುಂದಿಟ್ಟು ಯಾರಾದರೂ ನಿನ್ನನ್ನು ರಾತ್ರಿ ಹಗಲು ದುಡಿಸಿಕೊಳ್ಳಲು ನೋಡಿದರೆ ಒಪ್ಪಬೇಡ. ದೇವರು ವಿಶ್ರಾಂತಿಯನ್ನೂ ಆಜ್ಞಾಪಿಸಿದ್ದಾನೆ. ಐಗುಪ್ತದಲ್ಲಿ ನೀವು ದಾಸರಾಗಿದ್ದಿರಿ, ಅದನ್ನು ನೆನಪಿಟ್ಟು ನಿಮ್ಮ ದಾಸದಾಸಿಯರಿಗೂ ಏಳನೆಯ ದಿನ ಬಿಡುವು ಕೊಡಿರಿ ಎಂದು ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಹೇಳುತ್ತದೆ. ಕೆಲಸ ನಿಲ್ಲಿಸಿ, ಲೋಕವನ್ನು ನಡೆಸುವವನು ತಾನಲ್ಲ ಎಂದು ಒಪ್ಪಿಕೊಳ್ಳುವುದೂ ಆರಾಧನೆಯೇ.

ಇಷ್ಟೆಲ್ಲ ಹೇಳಿದೆನೆಂದು, ಬದುಕೇ ಆರಾಧನೆಯಾದರೆ ಸಭೆಗೆ ಯಾಕೆ ಹೋಗಬೇಕು ಎಂಬ ತೀರ್ಮಾನಕ್ಕೆ ಬರಬೇಡ. ಹಾಗೆ ಹೇಳಿ ಮನೆಯಲ್ಲಿ ಉಳಿದವರನ್ನು ನೋಡಿದ್ದೇನೆ. ಸ್ವಲ್ಪ ಕಾಲದಲ್ಲೇ ವಾರದ ದಿನಗಳ ಪ್ರಾರ್ಥನೆಯೂ ಅವರ ಕೈ ಬಿಟ್ಟುಹೋಗುತ್ತದೆ. ಭಾನುವಾರ ಬೇರಿನ ಹಾಗೆ. ಅದು ಒಣಗಿದರೆ ಉಳಿದ ದಿನಗಳು ಹಸಿರಾಗಿ ನಿಲ್ಲುವುದಿಲ್ಲ. ಮನಸ್ಸು ಬಾರದ ದಿನ ಸುಮ್ಮನೆ ಹೋಗಿ ಕೂತುಕೋ, ಪಕ್ಕದವರು ಹಾಡುವುದನ್ನು ಕೇಳಿಸಿಕೋ. ನಿನ್ನ ನಂಬಿಕೆ ಸೋತಾಗ ಅವರ ನಂಬಿಕೆ ನಿನ್ನನ್ನು ಹೊತ್ತುಕೊಳ್ಳಲಿ.

ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಕ್ರೈಸ್ತ ಬೋಧಕ ಜಸ್ಟಿನ್ ತನ್ನ ಕಾಲದ ಭಾನುವಾರದ ಕೂಟವನ್ನು ವರ್ಣಿಸಿದ್ದಾನೆ. ವಾಕ್ಯದ ಓದು, ಪ್ರಸಂಗ, ಎದ್ದು ನಿಂತು ಪ್ರಾರ್ಥನೆ, ಆಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸ. ಬರಲಾಗದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೇ ಒಯ್ಯುತ್ತಿದ್ದರು. ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದಿಂದ ಬಂದವರಿಗೆ ಹೋಗುತ್ತಿತ್ತು. ನಿನ್ನ ಸಭೆಯಲ್ಲೂ ಹಾಸಿಗೆ ಹಿಡಿದವರು, ನಡೆಯಲಾಗದ ಹಿರಿಯರು ಇದ್ದೇ ಇರುತ್ತಾರೆ. ಸಭಾಪಾಲಕರನ್ನು ಕೇಳಿ ಒಬ್ಬರ ಹೆಸರು ತಿಳಿದುಕೋ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಮನೆಗೆ ಹೋಗು, ಆ ದಿನದ ವಾಕ್ಯವನ್ನು ಅವರಿಗೆ ಓದಿ ಹೇಳು, ಒಂದು ಕೀರ್ತನೆ ಹಾಡು. ಸಾಧ್ಯವಾದರೆ ಆ ಗೆಳತಿಯನ್ನೂ ಜೊತೆಗೆ ಕರೆದುಕೊಂಡು ಹೋಗು.

ನಿನಗಾಗಿ ದಿನವೂ ಪ್ರಾರ್ಥಿಸುತ್ತಿರುವ,
ನಿನ್ನ ದೊಡ್ಡಪ್ಪ