ಮಾರ್ಚ್‌ನ ದಾನ, ಜೂನ್‌ನ ಮಳೆ

ಮಾನ್ಯ ಸಂಪಾದಕರೇ,

ಮಾರ್ಚ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಬಗೆಯ ಫೋಟೊ ಹೆಚ್ಚುತ್ತದೆ. ಶಾಲೆಯ ಜಗಲಿ, ಹಿಂದೆ ಕಂಪನಿಯ ಬ್ಯಾನರು, ಮುಂದೆ ನೀರಿನ ಫಿಲ್ಟರೋ ಕಂಪ್ಯೂಟರೋ, ಅದಕ್ಕೊಂದು ರಿಬ್ಬನ್ನು. ಕೊಟ್ಟವರ ಮನಸ್ಸಿನ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಕೊಡುವ ತಿಂಗಳಿನ ಬಗ್ಗೆ, ಕೊಟ್ಟ ಮೇಲಿನ ಖರ್ಚಿನ ಬಗ್ಗೆ.

ಮಾರ್ಚ್‌ನಲ್ಲೇ ಯಾಕೆ? 2013ರ ಕಂಪನಿ ಕಾಯ್ದೆಯ 135ನೇ ಕಲಮು ಒಂದು ಮಿತಿ ಹಾಕಿತು. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ: ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದರೂ ಕಂಪನಿ ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಎಲ್ಲರೂ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ಎನ್ನುವುದು ಇದನ್ನೇ. ಖರ್ಚಾಗದೆ ಉಳಿದದ್ದು ವರ್ಷ ಮುಗಿದ 6 ತಿಂಗಳೊಳಗೆ ಪ್ರಧಾನಮಂತ್ರಿ ಪರಿಹಾರ ನಿಧಿಯಂಥ ಕಡೆಗೆ ಹೋಗುತ್ತದೆ. ಹಾಗಾಗಿ ಫೆಬ್ರುವರಿ ಕೊನೆಗೆ ಕಚೇರಿಗಳಲ್ಲಿ ಗಡಿಬಿಡಿ. ಬೇಗ ಬಿಲ್ ಆಗುವ ಸಾಮಾನು ಯಾವುದು ಎಂದು ಹುಡುಕಾಟ ಶುರು. ಬ್ಯಾಗು, ಬೆಂಚು, ಫಿಲ್ಟರು ಗೆಲ್ಲುವುದು ಅಲ್ಲಿ. ಶಾಲೆಯ ಮಾಡಿನ ಹೆಂಚು ಕೈಯಾಡಿಸಲು, ಅದರ ಕೆಳಗಿನ ಮರದ ಪಕಾಸು ಬದಲಿಸಲು ದುಡ್ಡು ಸಿಗುವುದಿಲ್ಲ. ಅದಕ್ಕೆ ಬಡಗಿ ಬೇಕು, ಬಡಗಿಗೆ ದಿನ ಬೇಕು.

ಕೈಗಾದ ಅಣುವಿದ್ಯುತ್ ಸ್ಥಾವರ, ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ, ದಾಂಡೇಲಿಯ ಕಾಗದ ಕಾರ್ಖಾನೆಯಂಥವು ಬಿಟ್ಟರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಉದ್ಯಮ ಕಡಿಮೆ. ತಾನು ಕೆಲಸ ನಡೆಸುವ ಊರು ಮತ್ತು ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ, ಕಾರ್ಖಾನೆ ಇಲ್ಲದ ಹೊನ್ನಾವರ, ಸಿದ್ದಾಪುರದಂಥ ತಾಲ್ಲೂಕುಗಳ ಪಾಲಿಗೆ ದೂರದ ಊರಿನ ಕಚೇರಿಗಳೇ ಗತಿ. ಅಲ್ಲಿ ಕೂತು ಪಟ್ಟಿ ಮಾಡುವವರಿಗೆ ಇಲ್ಲಿನ ಮಳೆಯೂ ಗೊತ್ತಿಲ್ಲ, ಉಪ್ಪುಗಾಳಿಯೂ ಗೊತ್ತಿಲ್ಲ.

ನೀರಿನ ಫಿಲ್ಟರನ್ನೇ ನೋಡಿ. ಜಂಬಿಟ್ಟಿಗೆ ಕಲ್ಲಿನ ನೆಲದ ತೆರೆದ ಬಾವಿಯ ನೀರಿನಲ್ಲಿ ಕರಗಿದ ಲವಣ ಸಾಮಾನ್ಯವಾಗಿ ಕಡಿಮೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಅಡ್ಡಿಯಿಲ್ಲ. ಅಂಥ ಬಾವಿಗೆ ಲವಣ ತೆಗೆಯುವ ಆರ್‌ಒ ಯಂತ್ರ ಬೇಕಾಗಿಯೇ ಇಲ್ಲ. ಆದರೂ ಬರುವುದು ಆರ್‌ಒ. ಅದು ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚೆಲ್ಲುತ್ತದೆ. ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವ ಊರಿನಲ್ಲಿ ಇದು ದುಬಾರಿ ಉಪಕಾರ. ಇಂಥಲ್ಲಿ ನಿಜವಾದ ತೊಂದರೆ ಮಳೆಗಾಲದ ರೋಗಾಣು. ಅದಕ್ಕೆ ಮಣ್ಣು ತಡೆಯುವ ಒಂದು ಕಾರ್ಟ್ರಿಜ್, ಹಿಂದೆ ರೋಗಾಣು ಕೊಲ್ಲುವ ಯುವಿ (ನೇರಳಾತೀತ) ದೀಪ, ಇಷ್ಟು ಸಾಕು. ಆರ್‌ಒ ಬೇಕಾಗುವುದು ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಪಕ್ಕದ, ಹೊಳೆಬಾಯಿಯ ಊರುಗಳಿಗೆ. ಅಲ್ಲಿ ಬೇಸಿಗೆಯಲ್ಲಿ ಬಾವಿಗೆ ಉಪ್ಪು ಏರುತ್ತದೆ. ಯಾವ ಶಾಲೆ ಯಾವ ಬಗೆಯದು ಎಂದು ತಿಳಿಯಲು ಕರಗಿದ ಲವಣ ಅಳೆಯುವ, ಅಂಗೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಒಂದಿದ್ದರೆ ಆಯಿತು. ಜನವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ ಅಳೆಯಬೇಕು. ಒಂದೇ ಸಲ, ಅದೂ ಮಳೆ ಮುಗಿದ ಕೂಡಲೇ ಅಳೆದರೆ ಎಲ್ಲ ಬಾವಿಯೂ ಸಿಹಿಯೇ.

ಯಂತ್ರ ನಿಲ್ಲುವುದು ದೊಡ್ಡ ಕಾರಣಕ್ಕಲ್ಲ. ಆ ಮಣ್ಣಿನ ಕಾರ್ಟ್ರಿಜ್ ಬಿಳಿ ಬಣ್ಣದ್ದು. ಜುಲೈ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ನೀರು ದಾರದಂತೆ ಇಳಿಯತೊಡಗುತ್ತದೆ. ಮೂರು ತಿಂಗಳಿಗೊಮ್ಮೆ ಬದಲಿಸುವ ಸಾಮಾನು ಅದು. ಬದಲಿಸಬೇಕಾದವರು ಯಾರು? ಬಿಸಿಯೂಟದ ಸಿಬ್ಬಂದಿಯೇ, ಮುಖ್ಯೋಪಾಧ್ಯಾಯರೇ, ಕೊಟ್ಟ ಕಂಪನಿಯೇ? ಎಲ್ಲಿಯೂ ಬರೆದಿರುವುದಿಲ್ಲ. ಕೊನೆಗೆ ಯಾರೋ ನೀರು ಬರಲಿ ಎಂದು ಕಾರ್ಟ್ರಿಜ್ ತೆಗೆದಿಟ್ಟು ಯಂತ್ರ ಓಡಿಸುತ್ತಾರೆ. ಕೆಂಪು ನೀರಿನಲ್ಲಿ ಯುವಿ ಬೆಳಕು ದಾಟುವುದಿಲ್ಲ. ಹಸಿರು ದೀಪ ಉರಿಯುತ್ತಿರುತ್ತದೆ, ಮಕ್ಕಳು ಕುಡಿಯುವುದು ಬಾವಿಯ ನೀರನ್ನೇ. ಸಮುದ್ರದ ಹತ್ತಿರ ಇನ್ನೂ ಒಂದು ರಗಳೆ: ಸ್ಟ್ಯಾಂಡಿನ ಬೋಲ್ಟುಗಳಿಗೆ ಮೊದಲು ತುಕ್ಕು ಹಿಡಿಯುತ್ತದೆ. 304 ದರ್ಜೆಯ ಸ್ಟೀಲಿಗೂ ಉಪ್ಪುಗಾಳಿಗೆ ಕಂದು ಕಲೆ ಬೀಳುತ್ತದೆ. ಕಡಲತೀರಕ್ಕೆ 316 ದರ್ಜೆಯದೇ ಬೇಕೆಂದು ಕೊಟೇಶನ್‌ನಲ್ಲಿ ಕಾಣಿಸಬೇಕು.

ಇದಕ್ಕೆ ದಾರಿ ಕಾನೂನಿನಲ್ಲೇ ಇದೆ, ಬಳಸುವವರು ಕಡಿಮೆ. ಕಂಪನಿಯ ಆಡಳಿತ ಮಂಡಳಿ ಒಂದು ಕೆಲಸವನ್ನು ಮುಂದುವರಿಯುವ ಯೋಜನೆ ಎಂದು ಮಂಜೂರು ಮಾಡಿದರೆ, ಶುರುವಾದ ವರ್ಷ ಬಿಟ್ಟು ಮುಂದೆ 3 ವರ್ಷ ಅದನ್ನು ನಡೆಸಬಹುದು. ಆ ವರ್ಷ ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಬೇರೆ ಬ್ಯಾಂಕ್ ಖಾತೆಗೆ ಹಾಕಿಟ್ಟರೆ ಅದು ಊರಿನ ಕೆಲಸಕ್ಕೇ ಉಳಿಯುತ್ತದೆ. ಆದ್ದರಿಂದ ಮನವಿಯಲ್ಲಿ ‘ಫಿಲ್ಟರ್ ಒಂದು’ ಎಂದು ಬರೆಯಬೇಡಿ. ಯಂತ್ರ, ವರ್ಷಕ್ಕೆ 4 ಕಾರ್ಟ್ರಿಜ್, ವರ್ಷಕ್ಕೊಂದು ಯುವಿ ದೀಪ, ಎರಡು ಸಲ ಮೆಕ್ಯಾನಿಕ್ ಭೇಟಿ, ಇವೆಲ್ಲ ಸೇರಿ 3 ವರ್ಷದ ಒಂದೇ ಅಂದಾಜು ಬರೆಯಿರಿ. ಆಂಬುಲೆನ್ಸ್ ಕೇಳುವ ಸಂಘಗಳಿಗೂ ಇದೇ ಮಾತು. ಹಗಲು-ರಾತ್ರಿ ಗಾಡಿ ಓಡಬೇಕಾದರೆ 8 ತಾಸಿನ ಪಾಳಿ, ವಾರದ ರಜೆ ಲೆಕ್ಕ ಹಾಕಿ 4 ಚಾಲಕರು ಬೇಕು. ಗಾಡಿಯ ಬೆಲೆ ಒಂದೇ ಸಲದ್ದು, ಸಂಬಳ ಮತ್ತು ವಿಮೆ ಪ್ರತಿ ವರ್ಷದ್ದು.

ಮನವಿ ಕೊಡುವ ಹೊತ್ತು ಫೆಬ್ರುವರಿಯಲ್ಲ. ವರ್ಷದ ಯೋಜನಾಪಟ್ಟಿಗೆ ಸಾಮಾನ್ಯವಾಗಿ ಒಪ್ಪಿಗೆ ಸಿಗುವುದು ಆರ್ಥಿಕ ವರ್ಷದ ಮೊದಲ ತಿಂಗಳುಗಳಲ್ಲಿ; ಅದಕ್ಕೂ ಮೊದಲು, ಡಿಸೆಂಬರ್ ಸುಮಾರಿಗೆ ಕಾಗದ ಅವರ ಮೇಜಿನ ಮೇಲಿರಬೇಕು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು, ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ, ಎರಡು ಕೊಟೇಶನ್, ಬಾವಿಯ ನೀರಿನ ಪರೀಕ್ಷಾ ವರದಿ. ಟ್ರಸ್ಟ್ ಅಥವಾ ಸಂಘವಾದರೆ ಅದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 12ಎ (ಸಂಸ್ಥೆಗೆ ವಿನಾಯಿತಿ), 80ಜಿ (ದಾನಿಗೆ ವಿನಾಯಿತಿ) ನೋಂದಣಿ, 3 ವರ್ಷದ ಕೆಲಸದ ದಾಖಲೆ, ಜೊತೆಗೆ 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ಸಂಖ್ಯೆ (ಕಂಪನಿ ವ್ಯವಹಾರಗಳ ಸಚಿವಾಲಯದ ನೋಂದಣಿ) ಬೇಕು. ಒಳ್ಳೆಯ ಕೆಲಸ ಮಾಡುವ ಎಷ್ಟೋ ಸಣ್ಣ ಸಂಘಗಳು ಮುಗ್ಗರಿಸುವುದು ಈ ಕೊನೆಯ ಮೆಟ್ಟಿಲಲ್ಲಿ: ಡಿಜಿಟಲ್ ಸಹಿ ಮಾಡಿಸಿರುವುದಿಲ್ಲ, ಫಾರಂ ದೃಢೀಕರಿಸುವ ಲೆಕ್ಕಪರಿಶೋಧಕರು ಹತ್ತಿರದಲ್ಲಿ ಸಿಗುವುದಿಲ್ಲ.

ಇಲ್ಲಿಯೇ ನೌಕರರ ಮಾತು ಬರುತ್ತದೆ. ನೌಕರರು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚಿನಲ್ಲಿ ತೋರಿಸುವಂತಿಲ್ಲ ಎಂದು ಕೇಂದ್ರ ಸರ್ಕಾರ 2021ರಲ್ಲೇ ಸ್ಪಷ್ಟಪಡಿಸಿದೆ. ಆದ್ದರಿಂದ ಲೆಕ್ಕದ ಹಂಗಿಲ್ಲದೆ ಉಪಯೋಗದ ಕೆಲಸ ಆಯ್ದುಕೊಳ್ಳಬಹುದು. ಟೊಪ್ಪಿ ಹಾಕಿಕೊಂಡು ಕಾರವಾರದ ಟ್ಯಾಗೋರ್ ಕಡಲತೀರ ಗುಡಿಸುವುದು ತಪ್ಪಲ್ಲ, ಆದರೆ ಕಂಪನಿಯ ಅಕೌಂಟ್ಸ್ ವಿಭಾಗದವರು ಗುಡಿಸುವುದಕ್ಕಿಂತ ಒಂದು ವೃದ್ಧಾಶ್ರಮದ ಲೆಕ್ಕಪುಸ್ತಕ ನೋಡಿಕೊಟ್ಟರೆ ಹೆಚ್ಚು ಲಾಭ. ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಮೇ 31ರೊಳಗೆ ಸಲ್ಲಿಸದಿದ್ದರೆ ದಿನಕ್ಕೆ 200 ರೂಪಾಯಿ ಶುಲ್ಕ ಎಂಬ ನಿಯಮಕ್ಕೆ ಸಿಕ್ಕಿಬೀಳುವುದು ಇಂಥ ಸಂಸ್ಥೆಗಳೇ. ಸಂಬಳದಿಂದ ತಿಂಗಳಿಗೆ 100 ರೂಪಾಯಿ ಮುರಿಸಿಕೊಡುವ ಪದ್ಧತಿಯೂ ಒಳ್ಳೆಯದು. ವರ್ಷಕ್ಕೊಮ್ಮೆ ಬರುವ ದೊಡ್ಡ ಚೆಕ್ಕಿಗಿಂತ ತಿಂಗಳು ತಿಂಗಳು ಬರುವ ಸಣ್ಣ ಮೊತ್ತ ಆರೈಕೆಯ ಆಯಾಗಳಿಗೆ ಸಂಬಳ ಕೊಡಲು ಆಗುತ್ತದೆ. 80ಜಿ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ, ಅದೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲಿನ ಬೇಸರ ತಪ್ಪುತ್ತದೆ.

ನೆರೆಯ ಸಂದರ್ಭವನ್ನೂ ಹೇಳಬೇಕು. 2019ರಲ್ಲಿ ಕಾಳಿ ನದಿಯ ದಂಡೆ ಮುಳುಗಿದಾಗ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿದಾಗ ಸಹಾಯಕ್ಕೆ ಕೈ ನೀಡಿದವರು ಬಹಳ. ಆದರೆ ನೆರೆಗೆಂದು ಲಾರಿ ತುಂಬ ಬರುವ ಹಳೆ ಬಟ್ಟೆಯನ್ನು ವಿಂಗಡಿಸುವುದೇ ಒಂದು ಶಿಕ್ಷೆ. ನೀರು ಇಳಿದ ವಾರ ಬೇಕಾಗುವುದು ಪಂಪು, ಹಾರೆ, ಬಾವಿ ತೊಳೆಯುವ ಜನ. ಕಾರ್ಖಾನೆಯ ಕೆಲಸಗಾರರಿಗೆ ಇದು ಸಲೀಸು. ಬಾವಿಯ ಕೆಸರು ನೀರು ಹೊರಹಾಕಿ, ಹೊಸ ನೀರು ಬಂದ ಮೇಲೆ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಪುಡಿ 24 ಗ್ರಾಂ. ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಡಬೇಕು, ಒಂದು ತಾಸು ಮುಟ್ಟಬಾರದು. ನೀರು ಇನ್ನೂ ಕಲಕಿದ್ದರೆ ಈ ಪ್ರಮಾಣ ಸಾಲದು. ಆರೋಗ್ಯ ಸಿಬ್ಬಂದಿಯಿಂದ ಕ್ಲೋರಿನ್ ಪರೀಕ್ಷೆ ಮಾಡಿಸಿಯೇ ಕುಡಿಯಬೇಕು. ಹೋದ ವರ್ಷ ಬಾಯಿ ಬಿಚ್ಚಿಟ್ಟ ಚೀಲದ ಪುಡಿ ನಮ್ಮ ತೇವದ ಹವೆಗೆ ಸತ್ವ ಕಳೆದುಕೊಂಡಿರುತ್ತದೆ. ವಾಸನೆಯೇ ಇಲ್ಲದ ಪುಡಿ ಹಾಕಿ ಬಾವಿ ಶುದ್ಧವಾಯಿತೆಂದು ನಂಬುವುದು ಅಪಾಯ.

ಘಟ್ಟದ ಮೇಲೆ ಕೊಡುವ ಕೈ ಬಹುಪಾಲು ಅಡಿಕೆ ಸಹಕಾರಿ ಸಂಘಗಳದ್ದು. ಅವು ಕಂಪನಿ ಕಾಯ್ದೆಯಡಿ ಬರುವುದಿಲ್ಲ, ಸಿಎಸ್‌ಆರ್-1 ಕೇಳುವುದಿಲ್ಲ. ಲಾಭ ವಿಲೇವಾರಿ ಆಗುವುದು ಸೆಪ್ಟೆಂಬರ್ ಹೊತ್ತಿನ ವಾರ್ಷಿಕ ಮಹಾಸಭೆಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳವರು ಜುಲೈನಲ್ಲೇ ನಿರ್ದೇಶಕರಿಗೆ ಅರ್ಜಿ ಮುಟ್ಟಿಸುವುದು ಒಳ್ಳೆಯದು.

ತಮ್ಮಲ್ಲಿ ಒಂದು ಕೋರಿಕೆ. ಮುಂದಿನ ಮಾರ್ಚ್‌ನಲ್ಲಿ ಇಂಥ ಫೋಟೊ ಬಂದಾಗ, ಅಡಿಬರಹದಲ್ಲಿ ಗಣ್ಯರ ಹೆಸರಿನ ಜೊತೆ ಕಾರ್ಟ್ರಿಜ್ ಬದಲಿಸುವ ಜವಾಬ್ದಾರಿ ಯಾರದ್ದು ಎಂಬುದನ್ನೂ ಕೇಳಿ ಅಚ್ಚು ಹಾಕಿ. ಆಗಸ್ಟ್‌ನಲ್ಲಿ ವರದಿಗಾರರು ಅದೇ ಜಗಲಿಗೆ ಹೋಗಿ ನಲ್ಲಿ ತಿರುಗಿಸಿದರೆ ಇನ್ನೂ ಒಳ್ಳೆಯದು.

ಇತಿ,
ದತ್ತಿ ಸಂಸ್ಥೆಗಳ ಕಾಗದಪತ್ರ ನೋಡಿಕೊಳ್ಳುವ ಓದುಗರು
ಕುಮಟಾ