ಮಕ್ಕಳ ಶಸ್ತ್ರಚಿಕಿತ್ಸೆಗೆ ಮುನ್ನ: ಪೋಷಕರ ಗಮನಕ್ಕೆ

ಸದಸ್ಯರಿಗೆ ನಮಸ್ಕಾರ. ಉಡುಪಿಯಲ್ಲಿ ಮಳೆ ಹಿಡಿದ ಮೇಲೆ ಮನೆಮನೆಯಲ್ಲೂ ಮಕ್ಕಳಿಗೆ ಶೀತ, ಕೆಮ್ಮು ಇರುವುದರಿಂದ, ಶಸ್ತ್ರಚಿಕಿತ್ಸೆ ನಿಗದಿಯಾಗಿರುವ ಮಕ್ಕಳ ಪೋಷಕರು ಅದನ್ನು ಅರಿವಳಿಕೆ ತಜ್ಞರಿಗೆ ತಪ್ಪದೆ ತಿಳಿಸಬೇಕಾಗಿ ವಿನಂತಿ. ಮಕ್ಕಳ ಶ್ವಾಸನಾಳ ಕಿರಿದು, ಅವರ ತೂಕಕ್ಕೆ ಬೇಕಾಗುವ ಆಮ್ಲಜನಕವೋ ದೊಡ್ಡವರಿಗಿಂತ ಹೆಚ್ಚು; ಶೀತವಿರುವಾಗ ಅರಿವಳಿಕೆಯ ವೇಳೆ ಗಂಟಲು ಬಿಗಿದುಕೊಳ್ಳುವ ಸಾಧ್ಯತೆ ಹೆಚ್ಚಾಗಿದ್ದು, ಹಾಗಾದರೆ ರಕ್ತದ ಆಮ್ಲಜನಕ ಬಹುಬೇಗ ಕುಸಿಯುತ್ತದೆ. ಆದ್ದರಿಂದ ದಿನಾಂಕ ಮುಂದೆ ಹೋದರೆ ಬೇಸರಿಸಬೇಡಿ.

ಅರಿವಳಿಕೆ ಕೊಡುವ ಹೊತ್ತಿಗೆ ಸಾಮಾನ್ಯವಾಗಿ ಲಘು ಆಹಾರ, ಹಸುವಿನ ಹಾಲು ನಿಲ್ಲಿಸಿ 6 ಗಂಟೆ, ಎದೆಹಾಲು ನಿಲ್ಲಿಸಿ 4 ಗಂಟೆ ಕಳೆದಿರಬೇಕು. ನಿಮ್ಮ ವೈದ್ಯರು ಹೇಳಿದ ಸಮಯವೇ ಅಂತಿಮ. ಹಸಿದು ಅಳುವ ಮಗುವಿಗೆ ಅಜ್ಜಿ ಕನಿಕರದಿಂದ ಕುಡಿಸುವ ನಾಲ್ಕು ಚಮಚ ಗಂಜಿತಿಳಿಯೂ ಆಹಾರವೇ. ಅದು ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶ ಸೇರಬಹುದು. ಅಲ್ಲಾಡುವ ಹಾಲುಹಲ್ಲು ಇದ್ದರೆ ಅಥವಾ ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದ್ದರೆ, ಅದನ್ನೂ ಮುಂಚಿತವಾಗಿ ಹೇಳಿರಿ.